ನಾರ್ವೆಯ ಮರದ ಚರ್ಚುಗಳು

ಕಲ್ಲಿನ ಕಟ್ಟಡ ಶತಮಾನಗಳ ಕಾಲ ನಿಲ್ಲುತ್ತದೆ, ಮರದ ಮನೆ ಮೂರು ತಲೆಮಾರು ಬಾಳಿದರೆ ಹೆಚ್ಚು ಎಂಬುದು ಸಾಮಾನ್ಯವಾದ ನಂಬಿಕೆ. ಮಳೆ, ಬೆಂಕಿ, ಹುಳು—ಮರಕ್ಕೆ ಶತ್ರುಗಳು ಒಂದೆರಡಲ್ಲ. ಆದರೆ ನಾರ್ವೆ ದೇಶದ ಲೇರ್ಡಾಲ್ ಕಣಿವೆಯಲ್ಲಿ 1180ರ ಸುಮಾರಿಗೆ ಕಟ್ಟಿದ ಬೋರ್ಗುಂಡ್ ಚರ್ಚು ಇಂದಿಗೂ ನಿಂತಿದೆ. ಅದರ ತಳಪಾಯದ ಕಲ್ಲುಗಳ ಮೇಲಿರುವುದೆಲ್ಲವೂ ಮರವೇ. ಒಂದರ ಮೇಲೊಂದಾಗಿ ಏರುವ ಮಾಡುಗಳಿಗೆ ಹೊದಿಸಿದ ಹಂಚುಗಳು ಮರದ ಸೀಳುಗಳು; ಮಾಡಿನ ತುದಿಗಳಲ್ಲಿ ಕತ್ತು ಚಾಚಿ ನಿಂತ ಘಟಸರ್ಪಗಳೂ ಮರದವು.

ಇಂಥ ಕಟ್ಟಡಗಳಿಗೆ ಸ್ಟಾವ್ ಚರ್ಚುಗಳೆಂದು ಹೆಸರು. ನಾರ್ವೆಯ ನುಡಿಯಲ್ಲಿ ‘ಸ್ಟಾವ್’ ಎಂದರೆ ಕಂಬ. ಮೊದಮೊದಲು ಅಲ್ಲಿನ ಬಡಗಿಗಳು ಕಂಬಗಳನ್ನು ನೆಲದಲ್ಲಿ ಹೂಳುತ್ತಿದ್ದರು. ಮಣ್ಣಿನ ತೇವಕ್ಕೆ ಅವುಗಳ ಬುಡ ಕೊಳೆಯುತ್ತಿತ್ತು. ಈ ಸೋಲೇ ಅವರಿಗೆ ಗುರುವಾಯಿತು. ಮುಂದೆ ಅವರು ಕಲ್ಲಿನ ಮೇಲೆ ದಪ್ಪ ತೊಲೆಗಳ ಚೌಕಟ್ಟನ್ನಿರಿಸಿ, ಆ ಚೌಕಟ್ಟಿನ ಮೇಲೆ ಕಂಬಗಳನ್ನು ನಿಲ್ಲಿಸಿದರು. ಮಣ್ಣನ್ನು ಮುಟ್ಟದ ಮರ ಬಾಳಿತು. ಪೈನ್ ಮರದ ಬೇರು ಬೊಡ್ಡೆಗಳನ್ನು ಮಂದವಾಗಿ ಸುಟ್ಟು ಇಳಿಸಿದ ಕರಿಯ ಕೀಲೆಣ್ಣೆಯನ್ನು ಗೋಡೆ ಮಾಡುಗಳಿಗೆ ಬಳಿದರು. ಬಿಸಿಲು ಮಳೆಗಳಿಗೆ ಈ ಲೇಪ ಸವೆಯುತ್ತದೆ. ಆದುದರಿಂದ ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯಲೇಬೇಕು.

ಮಧ್ಯಯುಗದಲ್ಲಿ ಇಂಥ ಚರ್ಚುಗಳು ಸಾವಿರಕ್ಕೂ ಹೆಚ್ಚು ಇದ್ದಿರಬೇಕೆಂದು ವಿದ್ವಾಂಸರ ಅಂದಾಜು. ಇಂದು ನಾರ್ವೆಯಲ್ಲಿ ಉಳಿದಿರುವುವು 28 ಮಾತ್ರ. ಅವನ್ನು ಕೆಡವಿದ್ದು ಗಾಳಿಮಳೆಯೊಂದೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಂಖ್ಯೆ ಬೆಳೆಯಿತು. ಊರಿನ ಹತ್ತು ಜನರಲ್ಲಿ ಮೂವರಿಗಾದರೂ ಚರ್ಚಿನಲ್ಲಿ ಸ್ಥಳವಿರಬೇಕೆಂದು 1851ರ ಕಾಯಿದೆ ವಿಧಿಸಿತು. ಇಕ್ಕಟ್ಟಾದ ಹಳೆಯ ಚರ್ಚುಗಳು ಒಂದೊಂದಾಗಿ ಉರುಳಿದವು.

ಈ ಕಾಯಿದೆಗೆ ಮುಂಚೆಯೇ ಅಪಾಯವನ್ನು ಅರಿತಿದ್ದವನು ಚಿತ್ರಕಾರ ಯೊಹಾನ್ ಕ್ರಿಸ್ಟಿಯನ್ ಡಾಲ್. ವಾಂಗ್ ಎಂಬ ಊರಿನ ಚರ್ಚು 1841ರಲ್ಲಿ ಹರಾಜಿಗೆ ಬಂದಾಗ ಅದನ್ನು ತಾನೇ ಕೊಂಡನು. ಸ್ವದೇಶದಲ್ಲಿ ಅದಕ್ಕೆ ನೆಲೆ ದೊರೆಯಲಿಲ್ಲ. ಕಡೆಗೆ ಪ್ರಷ್ಯದ ದೊರೆ ಅದನ್ನು ತರಿಸಿಕೊಂಡನು. ಇಂದು ಪೋಲೆಂಡಿಗೆ ಸೇರಿರುವ ಬೆಟ್ಟವೊಂದರ ಮೇಲೆ ಅದು ಪುನಃ ಎದ್ದು ನಿಂತಿತು. ಡಾಲ್ ಮತ್ತು ಅವನ ಸಮಾನಮನಸ್ಕರ ಯತ್ನದಿಂದ 1844ರಲ್ಲಿ ನಾರ್ವೆಯಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಸಂಘವೊಂದು ಹುಟ್ಟಿತು. 1877ರಲ್ಲಿ ಬೋರ್ಗುಂಡ್ ಚರ್ಚು ಆ ಸಂಘದ ಆಶ್ರಯಕ್ಕೆ ಬಂದಿತು.

ಅದನ್ನು ಕಟ್ಟಿದ ಬಡಗಿಯ ಹೆಸರು ಉಳಿದಿಲ್ಲ. ಇಂದಿಗೂ ಕೆಲಸಗಾರರು ಸೊಂಟಕ್ಕೆ ಹಗ್ಗ ಬಿಗಿದು, ಕಡಿದಾದ ಆ ಮಾಡನ್ನೇರಿ ಕೀಲೆಣ್ಣೆ ಬಳಿಯುತ್ತಾರೆ. ಪೂರ್ವಿಕರ ಆಸ್ತಿಯನ್ನು ಉಳಿಸಿಕೊಳ್ಳಲು ಅಭಿಮಾನವೊಂದೇ ಸಾಲದು. ಏಣಿ ಹತ್ತಿ ದುಡಿಯುವವರೂ ಬೇಕು.