ಅತ್ತಿಗೆಯ ಬೆರಳೂ ಅಣಬೆಯ ಗುಳಿಗೆಯೂ

ಮನೆಯಲ್ಲಿ ಒಬ್ಬರಿಗೆ ಆಮವಾತ ಬಂತೆಂದರೆ ಉಳಿದವರೆಲ್ಲ ಅರೆವೈದ್ಯರಾಗುತ್ತಾರೆ. ಡೊಂಬಿವಲಿಯಲ್ಲಿರುವ ನಮ್ಮ ಅತ್ತಿಗೆಗೆ ಅದು ಬಂದು ಏಳು ವರ್ಷವಾಯಿತು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಕಾಲ ಕೈಬೆರಳು ಮಡಿಚಲಾಗದು. ಚಪಾತಿ ಲಟ್ಟಿಸುವ ಕೆಲಸ ಅಣ್ಣನ ಪಾಲಿಗೆ ಬಂದಿದೆ. (ಅದರ ಆಕಾರದ ಬಗ್ಗೆ ಇಲ್ಲಿ ಬರೆಯುವುದು ಬೇಡ.) ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಗುಳಿಗೆ, ಆಗಾಗ ರಕ್ತಪರೀಕ್ಷೆ, ಹೀಗೆ ಹೇಗೋ ನಡೆದಿತ್ತು.

ಕಳೆದ ದೀಪಾವಳಿಗೆ ಪರಿಚಿತರೊಬ್ಬರು ಅಣಬೆಯ ಕ್ಯಾಪ್ಸೂಲಿನ ಡಬ್ಬಿ ತಂದರು. ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಇನ್ನು ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ ಎಂದರು. "ನೀನು ಬಿ.ಎಸ್‌ಸಿ. ಓದಿದವನಲ್ಲವೇನೋ, ಬಿಡಲೋ ಬೇಡವೋ ಹೇಳು" ಎಂದು ಅತ್ತಿಗೆ ನನ್ನನ್ನು ಹಿಡಿದುಕೊಂಡರು. ಬಿ.ಎಸ್‌ಸಿ. ಮುಗಿದು ಇಪ್ಪತ್ತೈದು ವರ್ಷ. ಅಲ್ಲಿಂದೀಚೆಗೆ ಓದಿದ್ದೆಲ್ಲ ಫೈಲು. ಆದರೂ ಅತ್ತಿಗೆಯ ಪ್ರಶ್ನೆಗೆ ‘ಪರಿಶೀಲಿಸಲಾಗುವುದು’ ಎಂದು ಷರಾ ಬರೆದು ಬದಿಗಿಡುವಂತಿಲ್ಲ.

ಅಣಬೆಯಲ್ಲಿ ಹುರುಳಿಲ್ಲ ಎನ್ನುವವನು ನಾನಲ್ಲ. ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ವಸ್ತುವನ್ನು ಜಠರದ ಕ್ಯಾನ್ಸರಿಗೆ ಬೇರೆ ಔಷಧದ ಜೊತೆಗೆ ಚುಚ್ಚುಮದ್ದಾಗಿ ಕೊಡಲು ಜಪಾನಿನಲ್ಲಿ 1985ರಲ್ಲಿ ಒಪ್ಪಿಗೆ ದೊರೆಯಿತು. ಅದು ಬೀಟಾ-ಗ್ಲೂಕಾನ್ ಜಾತಿಯದು. ಗ್ಲೂಕೋಸ್ ಕಣಗಳ ಉದ್ದನೆಯ ಸರಪಳಿ. ಇದನ್ನು ಗುರುತಿಸಲೆಂದೇ ನಮ್ಮ ಬಿಳಿರಕ್ತಕಣಗಳ ಮೈಮೇಲೆ ಡೆಕ್ಟಿನ್-1 ಎಂಬ ಗ್ರಾಹಕವಿದೆ ಎಂಬುದು 2001ರಲ್ಲಿ ತಿಳಿಯಿತು. ಸರಪಳಿ ತಗುಲಿದರೆ ಸಾಕು, ಕಳ್ಳ ಹೊಕ್ಕನೆಂದು ಕಾವಲಿನವನು ಸೀಟಿ ಊದುತ್ತಾನೆ.

ಆದರೆ ಆಮವಾತದಲ್ಲಿ ಕಾವಲಿನವನೇ ಮನೆಯವರನ್ನು ಬಡಿಯುತ್ತಿರುತ್ತಾನಲ್ಲ! ಕೀಲಿನ ಒಳಪೊರೆಯ ಮೇಲೆಯೇ ಅವನ ದಾಳಿ. ಮೆಥೋಟ್ರೆಕ್ಸೇಟ್ ಅವನ ಕೈ ಹಿಡಿದು ನಿಲ್ಲಿಸುವ ಮದ್ದು. ಅದನ್ನು ಬಿಡಿಸಿ ಅವನ ಕೈಗೆ ಇನ್ನೊಂದು ಲಾಠಿ ಕೊಡುವುದೇ? 2025ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಶಿಮೊನ್ ಸಕಾಗುಚಿಯವರ ತಂಡ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹುಟ್ಟಿನಿಂದಲೇ ಸಂಧಿವಾತದ ಒಲವುಳ್ಳ ಇಲಿಗಳಿಗೆ ಶಿಲೀಂಧ್ರದ ಬೀಟಾ-ಗ್ಲೂಕಾನ್ ಚುಚ್ಚಿದಾಗ ಅವುಗಳ ಕೀಲುಗಳು ಊದಿಕೊಂಡವು. ಇಲಿ ಮನುಷ್ಯನಲ್ಲ, ಚುಚ್ಚುಮದ್ದು ಕ್ಯಾಪ್ಸೂಲಲ್ಲ, ಒಪ್ಪಿದೆ. ಮನುಷ್ಯರ ವಿಷಯಕ್ಕೆ ಬಂದರೆ, ಹಾಂಗ್‌ಕಾಂಗಿನಲ್ಲಿ 65 ಆಮವಾತ ರೋಗಿಗಳ ಮೇಲೆ 24 ವಾರ ನಡೆದ ಪರೀಕ್ಷೆಯ ಫಲ 2007ರಲ್ಲಿ ಹೊರಬಂತು. ಸುಮಾರು ಅರ್ಧ ಮಂದಿಗೆ ಲಿಂಗ್‌ಝಿ ಅಣಬೆಯನ್ನು ಇತರ ಮೂಲಿಕೆಗಳೊಡನೆ ಕೊಟ್ಟಿದ್ದರು, ಉಳಿದವರಿಗೆ ಬರಿಯ ಹುಸಿಗುಳಿಗೆ. ಅಣಬೆ ತಿಂದವರ ನೋವು ಸ್ವಲ್ಪ ತಗ್ಗಿತು. ಉರಿಯೂತ ಇಳಿದದ್ದಕ್ಕೆ ಸಾಕ್ಷಿ ಸಿಗಲಿಲ್ಲ.

ಇಷ್ಟನ್ನೂ ಅತ್ತಿಗೆಗೆ ಹೇಳಿ, ಡಬ್ಬಿಯನ್ನು ಡಾಕ್ಟರಿಗೆ ತೋರಿಸದೆ ಮುಚ್ಚಳ ತೆರೆಯಬೇಡಿ ಎಂದೆ. ಡಾಕ್ಟರು ಡಬ್ಬಿ ತಿರುಗಿಸಿ ನೋಡಿ, ಬೇಡ, ಮಾತ್ರೆಯನ್ನಂತೂ ಬಿಡಲೇಕೂಡದು ಎಂದರಂತೆ. ಹಾಗಾದರೆ ಅಣಬೆ ಪಲ್ಯವನ್ನಾದರೂ ತಿನ್ನಬಹುದೇ ಎಂದು ಅತ್ತಿಗೆ ಕೇಳಿದ್ದಕ್ಕೆ "ಧಾರಾಳವಾಗಿ" ಎಂದರಂತೆ. ಗುಳಿಗೆ ವಾರವಾರವೂ ನಡೆದಿದೆ. ಡಬ್ಬಿ ತಂದವರು ಮಾತ್ರ ಈಗ ನನ್ನೊಡನೆ ಅಷ್ಟಕ್ಕಷ್ಟೆ.