ಮುಖದ ಮೇಲಿನ ಸಹಿ

ನ್ಯೂಜಿಲೆಂಡಿನ ಮಾವೋರಿ ಯೋಧನೊಬ್ಬನ ಎದೆಮಟ್ಟದ ಪುಟ್ಟ ಪ್ರತಿಮೆಗೆ ಬಣ್ಣ ಹಚ್ಚಲು ನಾವು ಅಣ್ಣತಮ್ಮಂದಿರು ಕೂತಾಗ ಭಯವಿದ್ದುದು ಚರ್ಮದ ಬಗ್ಗೆ. ಬರೀ ಕಂದು ಬಳಿದರೆ ಮುಖ ಮಣ್ಣಿನ ಗೊಂಬೆಯಂತಾಗುತ್ತದೆ. ಮೂಗಿನ ತುದಿ, ಕೆನ್ನೆ, ಕಿವಿಗಳಿಗೆ ಕೆಂಪು, ಕಣ್ಣಿನ ಕೆಳಗೆ ಚೂರು ನೇರಳೆ, ಎಲ್ಲವೂ ನೀರಿನಷ್ಟು ತೆಳುವಾಗಿ, ಒಂದು ಒಣಗಿದ ಮೇಲೆ ಇನ್ನೊಂದು. ಮೂರು ಸಂಜೆ ಹಿಡಿಯಿತು.

ಹಚ್ಚೆ ಸುಲಭವೆಂದುಕೊಂಡೆವು. ನೀಲಿ ಬೆರೆತ ಕಪ್ಪಿನಲ್ಲಿ ಹಳೆಯ ಫೋಟೋವೊಂದರ ಸುರುಳಿಗಳನ್ನು ನಕಲು ಮಾಡಿದೆವು. ಎಡಗೆನ್ನೆ ಮುಗಿದ ಮೇಲೆ ಓದಿ ತಿಳಿದದ್ದು: 'ಮೋಕೋ' ಬರೀ ಅಲಂಕಾರವಲ್ಲ, ಎಲುಬಿನ ಉಳಿಯಿಂದ ಚರ್ಮದಲ್ಲಿ ಕೊರೆದ ವಂಶಾವಳಿ. 19ನೇ ಶತಮಾನದಲ್ಲಿ ಮುಖಂಡರು ಭೂಪತ್ರಗಳಿಗೆ ಈ ಗೆರೆಗಳನ್ನೇ ಸಹಿಯಾಗಿ ಹಾಕಿದ್ದುಂಟು. ಅಂದರೆ ನಾವು ಯಾರದೋ ಸಹಿಯನ್ನು ತಿದ್ದುತ್ತಾ ಕೂತಿದ್ದೆವು! ಹಚ್ಚೆಯಿದ್ದ ತಲೆಗಳನ್ನೇ ಯುರೋಪಿಯನ್ನರು ಬಂದೂಕು ಕೊಟ್ಟು ಕೊಳ್ಳುತ್ತಿದ್ದ ಕಾಲವೂ ಇತ್ತು. ಫ್ರಾನ್ಸಿನ ರುವಾನ್ ನಗರದ ಮ್ಯೂಸಿಯಂ ಅಂಥದ್ದೊಂದನ್ನು 2011ರಲ್ಲಷ್ಟೇ ಹಿಂದಿರುಗಿಸಿತು.

ವಂಶದ ನಂಟಿಲ್ಲದ ವಿನ್ಯಾಸಕ್ಕೆ ಅವರಲ್ಲಿ 'ಕಿರಿತುಹಿ' ಎಂಬ ಬೇರೆ ಹೆಸರೇ ಇದೆ. ಅದನ್ನೇ ಬರೆಯೋಣವೆಂದು ಕೆನ್ನೆಯನ್ನು ಸ್ಪಿರಿಟ್ಟಿನಿಂದ ಒರೆಸಿದೆವು. ಕೆಳಗಿನ ಚರ್ಮವೂ ಎದ್ದುಬಂತು. ತಮ್ಮ ಏನೂ ಅನ್ನದೆ ಮತ್ತೆ ಕೆಂಪು ಕಲೆಸತೊಡಗಿದ.