ಶಿಬಿರದ ಏಳು ದಿನಗಳು

ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವರಾದ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದರು. ಅದಕ್ಕೆ ಸೇರಿದ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಜೊತೆಗೆ ಏಳು ದಿನಗಳ ಶಿಬಿರದಲ್ಲಿ, ಸಾಮಾನ್ಯವಾಗಿ ಒಂದು ಹಳ್ಳಿಯಲ್ಲಿ, ವಾಸವಾಗಿರಬೇಕು. "ಮಗನನ್ನು ಕಳಿಸಿದ್ದು ಓದಲಿಕ್ಕೋ, ಚರಂಡಿ ತೆಗೆಯಲಿಕ್ಕೋ?" ಎಂದು ನಮ್ಮ ಬಂಧುಗಳು ಕೇಳುವುದುಂಟು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಶರಣತತ್ತ್ವವನ್ನು ಬಸವ ಜಯಂತಿಯಂದು ಕೇಳಿ ತಲೆದೂಗುವ ಮನೆಗಳಿಂದಲೇ ಈ ಮಾತು ಬರುವುದು ಸೋಜಿಗವೇ ಸರಿ.

ಆ ದಿನಗಳ ಬೆಲೆಯಿರುವುದು ಗುದ್ದಲಿಯಲ್ಲಲ್ಲ. ಚರಂಡಿಯನ್ನು ಕೂಲಿಯಾಳು ಇನ್ನೂ ಚೆನ್ನಾಗಿ ತೆಗೆದಾನು. ವಿದ್ಯಾರ್ಥಿಯು ಸಮೀಕ್ಷೆಯ ಹಾಳೆ ಹಿಡಿದು ಮನೆಮನೆಗೆ ಹೋಗುತ್ತಾನೆ. ನೀರು ಎಷ್ಟು ದೂರ, ಸಾಲವೆಷ್ಟು, ಶಾಲೆ ಬಿಟ್ಟ ಮಗು ಯಾವುದು ಎಂದು ವಿಚಾರಿಸುತ್ತಾನೆ. ಕೇಳಿದವನಿಗೆ ಉತ್ತರದ ಭಾರ ತಾಗದೆ ಇರದು. ಅದೇ ಮನೆಯ ಜಗಲಿಯಲ್ಲಿ ಕುಳಿತು ಅವರಿತ್ತ ಮಜ್ಜಿಗೆ ಕುಡಿದ ಮೇಲೆ 'ಬಡವರು' ಎಂಬುದು ಪುಸ್ತಕದ ಮಾತಾಗಿ ಉಳಿಯದು. ಮಠದ ಪ್ರಸಾದನಿಲಯದಲ್ಲಿ ಬೆಳೆದ ನಮಗೆ ಇದು ಹೊಸತಲ್ಲ. ಅಲ್ಲಿ ಇಂದು ಉಂಡವನೇ ನಾಳೆ ಬಡಿಸುತ್ತಿದ್ದನು. ಕೊಡುವವನಾರು, ಕೊಳ್ಳುವವನಾರು ಎಂಬ ಎಣಿಕೆಗೆ ದಾಸೋಹದಲ್ಲಿ ಎಡೆಯಿಲ್ಲ.

ಪ್ರಮಾಣಪತ್ರಕ್ಕಾಗಿ ಗಂಟೆ ತುಂಬಿಸುವ ಶಿಬಿರಗಳನ್ನೂ ನಾವು ಕಂಡಿದ್ದೇವೆ (ಉದ್ಘಾಟನೆಯ ಭಾಷಣಗಳಿಗೇ ಅರ್ಧ ದಿನ!). ಹಳ್ಳಿಯನ್ನು ದತ್ತು ಸ್ವೀಕರಿಸುವ ಕ್ರಮ ಈ ಯೋಜನೆಯಲ್ಲಿದೆ. ದತ್ತು ಎಂದ ಮೇಲೆ ಮರುವರ್ಷ ಅದೇ ಊರಿಗೆ ಹೋಗಿ ಅದೇ ಬಾಗಿಲು ತಟ್ಟಬೇಕು. ಮಗನೋ ಮಗಳೋ ಶಿಬಿರದಿಂದ ಮರಳಿದಾಗ ತಂದೆತಾಯಿಗಳು ಅಂಕಗಳ ಮಾತೆತ್ತದೆ, ಶಾಲೆ ಬಿಟ್ಟಿದ್ದ ಆ ಮಗು ಮತ್ತೆ ಶಾಲೆಗೆ ಸೇರಿತೇ ಎಂದು ಕೇಳಲಿ.